ಮೂರನೆಯ ಕೂಗು

"ಕಾರಲ್ಲೇ ಕೂತಿರ್ತೀರಾ, ಇಲ್ಲಾ ದೆವ್ವ ನೋಡೋಕೆ ಬರ್ತೀರಾ?"

ಮುಕುಂದ್ ನಗುತ್ತಲೇ ಕೇಳಿದ. ಕಲಾಗೆ ನಗು ಬರಲಿಲ್ಲ. ಕೆಂಡಲ್ ಪಾರ್ಕ್ ಎಂಬ ಊರಿನಾಚೆ, ಕಾಡಿನಂಚಿನ ಆ ಕೊಳದ ಮೇಲೆ ಮುಸ್ಸಂಜೆಯ ಮಂಜು ಇಳಿಯುತ್ತಿತ್ತು. ಅಂಚಿನಲ್ಲಿ ತೆಳ್ಳಗೆ ಹೆಪ್ಪುಗಟ್ಟಿದ ನೀರು, ನಡುವೆ ಬರೀ ಕಪ್ಪು.

ಅವನು ಮೆಟುಚೆನ್‌ನಲ್ಲಿ ಅವಳ ಚಿಕ್ಕಮ್ಮ ರಮಾಮಣಿಯ ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದವನು. ವಾರವೆಲ್ಲ ಸಮರ್‌ಸೆಟ್‌ನ ಆಫೀಸು. ವೀಕೆಂಡ್ ಬಂದರೆ ನಾರ್ವೆ, ಸ್ವೀಡನ್ ಕಡೆಯ ಹಳೆಯ ನಾರ್ಸ್ ಪುರಾಣದ ಜಾಗಗಳ ಮ್ಯಾಪು. ನರಕದ ಬಾಗಿಲೆಂದು ಜನ ಹೆದರುತ್ತಿದ್ದ ಐಸ್‌ಲ್ಯಾಂಡಿನ ಹೆಕ್ಲಾ ಜ್ವಾಲಾಮುಖಿ, ಹಳೆಯ ದೇವರುಗಳಿಗೆ ಬಲಿ ಕೊಡುತ್ತಿದ್ದರೆನ್ನುವ ಸ್ವೀಡನ್ನಿನ ಉಪ್ಸಾಲಾ, ಒಂದೊಂದಕ್ಕೂ ಲ್ಯಾಪ್‌ಟಾಪಿನಲ್ಲಿ ಒಂದು ಕೆಂಪು ಚುಕ್ಕೆ. ಪಿಯುಸಿ ಅರ್ಧಕ್ಕೇ ಬಿಟ್ಟು ಈ ದೂರದೇಶಕ್ಕೆ ಚಿಕ್ಕಮ್ಮನ ಬಳಿ ಬಂದಿದ್ದ ಕಲಾ ಅಡುಗೆಮನೆಯಲ್ಲಿ ಹೋಳಿಗೆ ಲಟ್ಟಿಸುತ್ತಾ ಆ ಚುಕ್ಕೆಗಳನ್ನೂ, ಚುಕ್ಕೆ ಇಡುವ ಬೆರಳುಗಳನ್ನೂ ನೋಡುತ್ತಿದ್ದಳು.

ಈ ಕೊಳದಲ್ಲಿ ನೋಕ್ಕೆನ್ ಇದೆಯೆಂದು ನಾರ್ವೆ ಮೂಲದ ಮುದುಕಿಯೊಬ್ಬಳು ಅವನಿಗೆ ಹೇಳಿದ್ದಳು. ನೀರಿನ ಭೂತ, ಬಿಳಿ ಕುದುರೆಯಾಗಿ ದಡಕ್ಕೆ ಬಂದು, ಬೆನ್ನೇರಿದವರನ್ನು ತಳಕ್ಕೆ ಒಯ್ಯುತ್ತದೆ.

"ಹೆಸರು ಹಿಡಿದು ಕೂಗಿದ್ರೆ ಅದರ ಶಕ್ತಿ ಹೋಗುತ್ತಂತೆ," ಎಂದ ಓರೆಗಣ್ಣಲ್ಲಿ ನೋಡುತ್ತಾ. "ನಿಮಗಂತೂ ಕಷ್ಟ. ನನ್ನನ್ನೇ ಒಂದು ದಿನಾನೂ ಹೆಸರು ಹಿಡಿದು ಕರೆದಿಲ್ಲ. ಬರೀ 'ಊಟ ರೆಡಿ', 'ಇಲ್ಲಿ ನೋಡಿ'."

ಅವಳ ಕಿವಿ ಬಿಸಿಯಾಯಿತು. ಯಾರ ಹೆಸರನ್ನು ಯಾಕೆ ಬಾಯಿಬಿಟ್ಟು ಹೇಳುವುದಿಲ್ಲ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು.

"ಒಂದು ಫೋಟೋ ತೆಗೆದು ಬಂದೆ," ಎಂದು ಅವನು ದಡದಗುಂಟ ಹೊರಟ. ನೋಡುನೋಡುತ್ತಲೇ ಮಂಜು ಅವನನ್ನು ನುಂಗಿತು.

ಬೂಟಿನ ಸದ್ದು ಕೇಳುತ್ತಿತ್ತು. ಆಮೇಲೆ ಅದೂ ಇಲ್ಲ. ಎಲ್ಲೋ ಐಸ್ ಲಟಕ್ಕನೆ ಬಿರಿಯಿತು. ನೀರು ಗುಳುಕ್ಕೆಂದಿತು.

ಕಲಾ ಕಾರಿನಿಂದ ಇಳಿದಳು. "ರೀ..." ಎಂದದ್ದು ಅವಳಿಗೇ ಕೇಳಿಸಲಿಲ್ಲ. ಮಂಜಿನೊಳಗೆ ಬೆಳ್ಳಗಿನದೇನೋ ಕತ್ತು ಬಾಗಿಸಿಕೊಂಡು ಸರಿಯಿತು. ಅವಳು ದಡದತ್ತ ಓಡಿದಳು.

"ಮುಕುಂದ್!"

ಉತ್ತರವಿಲ್ಲ.

"ಮುಕುಂದ್!"

ಇಲ್ಲ. ನೀರಿನೊಳಗಿದ್ದಾನೆ. ಅವಳು ಐಸಿನ ಮೇಲೆ ಕಾಲಿಟ್ಟಳು. ಅದು ಪಟ್ಟನೆ ಒಡೆದು ಕೊರೆಯುವ ನೀರು ಶೂ ತುಂಬಿತು. ಮೂರನೆಯ ಸಲ ಕೂಗುವಾಗ ದನಿಯೇ ಹರಿದುಹೋಯಿತು.

"ಓ! ಅಲ್ಲೇ ನಿಲ್ಲಿ! ಇಳೀಬೇಡಿ!"

ಮಂಜಿನಿಂದ ಅವನು ಓಡಿ ಬಂದ. ಅವನ ಮುಖವೂ ಬಿಳಿಚಿತ್ತು. ಅವನ ಸದ್ದಿಗೆ ಬೆದರಿ ಹಂಸವೊಂದು ರೆಕ್ಕೆ ಬಡಿಯುತ್ತಾ ಎದ್ದಿತು.

"ಓಗೊಡೋಕೆ ಏನಾಗಿತ್ತು ನಿಮಗೆ?" ಕಲಾ ಅಳುತ್ತಲೇ ಬೈದಳು.

"ಅಜ್ಜಿ ಹೇಳ್ತಿದ್ರು, ಹೊತ್ತು ಮುಳುಗೋವಾಗ ಯಾರಾದ್ರೂ ಕೂಗಿದ್ರೆ ಮೂರನೇ ಸಲದವರೆಗೂ ಓಗೊಡಬಾರದು, ದೆವ್ವ ಮೂರು ಸಲ ಕೂಗಲ್ಲ ಅಂತ. ನೀವು ಅಂತ ಹೇಗೆ ಗೊತ್ತಾಗ್ಬೇಕು? ನಿಮ್ಮ ಬಾಯಲ್ಲಿ ನನ್ನ ಹೆಸರು ಕೇಳೇ ಇರ್ಲಿಲ್ವಲ್ಲ!"

"ದೆವ್ವದ ಮ್ಯಾಪ್ ಮಾಡೋರು ಇಷ್ಟು ಪುಕ್ಕಲಾ?"

ಅವನು ಮೊಣಕಾಲೂರಿ ಅವಳ ಒದ್ದೆ ಶೂ ಬಿಚ್ಚಿ, ಪಾದಕ್ಕೆ ತನ್ನ ಮಫ್ಲರ್ ಸುತ್ತತೊಡಗಿದ. "ಇಷ್ಟು ದಿನ ಯಾಕೆ ಕರೀಲಿಲ್ಲ?"

ಅವಳು ನೀರಿನ ಕಡೆ ನೋಡಿದಳು. ಮುಳುಗುವುದಕ್ಕಿಂತ ಇದನ್ನು ಹೇಳುವುದೇ ಹೆಚ್ಚು ಭಯ.

"ನಮ್ಮಮ್ಮ... ಅಪ್ಪನ ಹೆಸರು ಹೇಳಲ್ಲ."

ಗಂಟು ಹಾಕುತ್ತಿದ್ದ ಬೆರಳುಗಳು ನಿಂತವು. ಅವನು ನಿಧಾನವಾಗಿ ಕಣ್ಣೆತ್ತಿದ. ಆ ನೋಟದಲ್ಲಿ ತಮಾಷೆ ಚೂರೂ ಇರಲಿಲ್ಲ.

"ಹಾಗಾದ್ರೆ ಇನ್ಮೇಲೆ ಕರೆಯೋದೇ ಇಲ್ವಾ?"

"ಮೊದಲನೇ ಸಲಕ್ಕೇ ಓಗೊಡೋದಾದ್ರೆ ಕರೀತೀನಿ."

ಐಸ್ ಮತ್ತೆ ಲಟಕ್ಕೆಂದಿತು. ಇಬ್ಬರೂ ಬೆಚ್ಚಿ ಕೈ ಹಿಡಿದುಕೊಂಡರು. ಸದ್ದು ಅಡಗಿದ ಮೇಲೂ ಬಿಡಲಿಲ್ಲ.

"ಮುಕುಂ..."

"ಓ," ಎಂದ, ಹೆಸರು ಮುಗಿಯುವ ಮೊದಲೇ.