ಪರದೆಯ ಮೇಲಿಲ್ಲದ ಕುದುರೆಗಳು

ಜೂನ್ ಹನ್ನೊಂದರ ಬೆಳಗ್ಗೆ ಎಂಟು ಗಂಟೆಗೆ ಕೋಚ್ಕೋರ್ ಠಾಣೆಗೆ ದೂರು ಬಂದಿತು. ದೂರುದಾರ, ಕುದುರೆ ಸಾಕಣೆದಾರರ ಸಂಘದ ಅಧ್ಯಕ್ಷ ಓಮುರ್ಜಾಕ್. ಸಂಘದ ಕಚೇರಿಯ ಗೋಡೆಗೆ ಹಾಕಿದ ಕಂಪ್ಯೂಟರ್ ಪರದೆಯ ಪ್ರಕಾರ, ಸೋಂಗ್-ಕೋಲ್ ಹುಲ್ಲುಗಾವಲಿನಲ್ಲಿ ಕುದುರೆಗಾಹಿ ಬಾಕಾಸ್ ಮೇಯಿಸುವ ಹಿಂಡಿನಲ್ಲಿ ಒಂಬತ್ತು ಕುದುರೆಗಳಿಲ್ಲ.

"ಬಾಕಾಸ್ ಕಳ್ಳ ಅಂತ ಬರ್ಕೊಳ್ಳಿ. ಸಂಜೆ ಸಭೇಲಿ ಹಿಂಡು ಬೇರೆಯವರಿಗೆ ಕೊಡ್ತೀವಿ."

"ಮೊದ್ಲು ಕುದುರೆ ಹೋಗಿದ್ಯಾ ನೋಡೋಣ," ಎಂದ ಇನ್ಸ್‌ಪೆಕ್ಟರ್ ಸೂಯುನ್‌ಬೆಕ್, ಎಫ್‌ಐಆರ್ ದಾಖಲಿಸುತ್ತ.

ಹನ್ನೆರಡಕ್ಕೆ ಸ್ಥಳ ಪರಿಶೀಲನೆ. ಕಾನ್‌ಸ್ಟೇಬಲ್ ಎರ್ಮೆಕ್ ಎರಡು ಸಲ ಎಣಿಸಿದ. ಒಂದು ಕುದುರೆಯೂ ಕಡಿಮೆಯಿಲ್ಲ. ಬಾಕಾಸ್ ಹುಳಿಸಿದ ಕುದುರೆ ಹಾಲು, ಕುಮಿಸ್, ತುಂಬಿದ ಬಟ್ಟಲು ಮುಂದಿಟ್ಟ. "ಕುಡೀರಿ ಸಾಹೇಬ್ರೆ. ಇನ್ನೊಂದ್ಸಲ ಎಣಿಸಿದ್ರೆ ಕುದುರೆ ಸವೆದು ಹೋಗ್ತವೆ." ಮೀಸೆಗೆ ನೊರೆ ಮೆತ್ತಿಕೊಂಡಿದ್ದ ಇಬ್ಬರು ನೆರೆಯವರು ಪಂಚನಾಮೆಗೆ ಸಹಿ ಹಾಕಿದರು.

ಫೋನಿನಲ್ಲಿ ಇದನ್ನು ಕೇಳಿದ ಓಮುರ್ಜಾಕ್ ಗುಡುಗಿದ: "ಪಕ್ಕದವರ ಕುದುರೆ ತಂದು ನಿಲ್ಲಿಸಿದ್ದಾನೆ! ಪರದೆ ಸುಳ್ಳು ಹೇಳುತ್ತಾ?"

ಹಾಗಾದರೆ ವಿಚಾರಣೆಗೆ ಒಳಪಡಬೇಕಾದದ್ದು ಪರದೆಯೇ ಎಂದು ಸೂಯುನ್‌ಬೆಕ್ ನಿಶ್ಚಯಿಸಿದ.

ನಾಲ್ಕಕ್ಕೆ ಸಂಘದ ಕಚೇರಿ, ಓಮುರ್ಜಾಕನ ಎದುರಿನಲ್ಲೇ. ಸೂಯುನ್‌ಬೆಕ್ ಪರದೆಯಲ್ಲಿ ಗಾಹಿಗಳ ಹೆಸರನ್ನು ಒಂದೊಂದಾಗಿ ಆರಿಸಿದಂತೆ ಕುದುರೆಗಳ ಮೊತ್ತ ಬದಲಾಯಿತು. ಬಣ್ಣಗಳನ್ನು ಆರಿಸಿದ: ಕಪ್ಪು, ಕಂದು, ಬೂದು. ಅಂಕಿ ಅಲ್ಲಾಡಲಿಲ್ಲ.

"ಹೆಸರಿನ ಮಾತು ಕೇಳೋ ಲೆಕ್ಕ ಬಣ್ಣದ ಮಾತು ಯಾಕೆ ಕೇಳ್ತಿಲ್ಲ?"

ಪರದೆಯ ಈ ಲೆಕ್ಕವನ್ನು ರಚಿಸಿದ ಸಂಘದ ಹುಡುಗಿ ಸಾಲ್ಕಿನ್ ಚಹಾದ ಬಟ್ಟಲನ್ನು ಕೆಳಗಿಟ್ಟಳು. "ಸೂತ್ರದೊಳಗೇ ಬಣ್ಣಕ್ಕೊಂದು ಜರಡಿ ಕೂತಿದ್ರೆ, ಹೊರಗಿಂದ ನೀವು ಹಿಡಿಯೋ ಬಣ್ಣದ ಜರಡೀನ ಅದು ತಳ್ಳಿಹಾಕತ್ತೆ. ಹೆಸರಿನ ಜರಡೀನ ಮುಟ್ಟಲ್ಲ."

"ಒಳಗೇನಿದೆ?"

"ಬೂದು ಬಿಟ್ಟು ಉಳಿದದ್ದನ್ನ ಎಣಿಸು ಅಂತ."

"ಕೂರಿಸಿದ್ದು ಯಾರು, ತಂಗಿ?"

"ನಾನೇ, ನಿನ್ನೆ ರಾತ್ರಿ."

ಸಂಘದ ಒಂಬತ್ತು ಬೂದು ಕುದುರೆಗಳೂ ಬಾಕಾಸನ ಹಿಂಡಿನಲ್ಲೇ ಇದ್ದವು.

"ಬಂದೋರೆಲ್ಲ ಪರದೆ ನೋಡಿ 'ಅಬ್ಬಾ, ಎಷ್ಟೊಂದು ಬೂದು!' ಅಂತಾರೆ. ದೃಷ್ಟಿ ತಾಗದಿರಲಿ ಅಂತ ಒಬ್ಬರೂ ಅನ್ನಲ್ಲ," ಎಂದಳು ಸಾಲ್ಕಿನ್. " ನಾ ಹುಟ್ಟಿದಾಗ ಅಜ್ಜ ಕೊಟ್ಟ ಕುದುರೆಯ ಮಗಳು ಅಲ್ಲಿದ್ದಾಳೆ, ತುಂಬು ಗಬ್ಬ. ಹಿಂಡಲ್ಲಿ ಇನ್ನೂ ಹೆರದೆ ಉಳಿದೋಳು ಅವಳೊಬ್ಬಳೇ. ಬಾಕಾಸಣ್ಣನ ತಲೆಗೆ ಬರತ್ತೆ ಅಂತ ತಿಳೀಲಿಲ್ಲ."

"ಒಂದನ್ನೇ ಮುಚ್ಚಬಾರದಿತ್ತಾ?" ಎಂದ ಎರ್ಮೆಕ್.

"ಒಂದನ್ನೇ ಮುಚ್ಚಿದ್ರೆ ಎಲ್ಲರ ಕಣ್ಣೂ ಅದರ ಮೇಲೇ ಬೀಳಲ್ವಾ, ಜಾಣ?"

"ಅಧ್ಯಕ್ಷರೇ, ಈಗ ಯಾರನ್ನ ಕಳ್ಳ ಅಂತ ಬರ್ಕೊಳ್ಳಲಿ?" ಎಂದ ಸೂಯುನ್‌ಬೆಕ್. ಓಮುರ್ಜಾಕ್ ಕತ್ತು ತುರಿಸಿಕೊಂಡ. "ದೂರು ವಾಪಸ್ ತಗೋತೀನಿ. ಬಾಕಾಸನ ಮುಂದೆ ನಾನೇ ಹೋಗಿ ನಿಲ್ತೀನಿ."

ನಾಲ್ಕೂ ನಲವತ್ತಕ್ಕೆ ಸಾಲ್ಕಿನ್‌ಳ ಬಂಧನವಾಯಿತು: ಮೊದಲು ಸೂತ್ರ ಸರಿಪಡಿಸಬೇಕು, ಆಮೇಲೆ ಬಾಕಾಸನ ಕ್ಷಮೆ ಕೇಳುವವರೆಗೆ ಅವನ ಗುಡಾರವೇ ಸೆರೆ. ಕಡತದ ಪ್ರೇರಣೆಯ ಕಾಲಮ್ಮಿನಲ್ಲಿ ಇನ್ಸ್‌ಪೆಕ್ಟರ್ ಬರೆದದ್ದು ಒಂದೇ ಪದ: ಮಮತೆ.

ಅವಳು ಸೂತ್ರಕ್ಕೆ ಕೈ ಹಾಕುವ ಮೊದಲೇ ಪರದೆಯಲ್ಲಿ ಬಾಕಾಸನ ಅಂಕಿ ಒಂದು ಮೇಲೇರಿತು. ಹೊಸ ಮರಿಯನ್ನು ಗಾಹಿಗಳು ಹುಲ್ಲುಗಾವಲಿನಿಂದಲೇ ಫೋನಿನಲ್ಲಿ ಸೇರಿಸುವುದು ವಾಡಿಕೆ.

"ಹೆತ್ತಳು!" ಎಂದು ಸಾಲ್ಕಿನ್ ಕುಣಿದಳು, ಮರುಕ್ಷಣ ಬಾಯಿಗೆ ಕೈ ಅಡ್ಡ ಹಿಡಿದಳು. ಬೂದು ಕುದುರೆಯ ಮರಿ ಹುಟ್ಟುವಾಗ ಕಪ್ಪೋ ಕಂದೋ ಇರುತ್ತದೆ. ಬೂದಾಗುವುದು ವರ್ಷಗಳು ಕಳೆದ ಮೇಲೆ. ತಾಯಿಯನ್ನೂ ನೆಂಟರನ್ನೂ ಅಡಗಿಸಿದ ಜರಡಿ, ಎಲ್ಲರಿಗಿಂತ ಎಳೆಯದನ್ನು ಊರ ಕಣ್ಣಿಗೆ ಎತ್ತಿ ಹಿಡಿದಿತ್ತು.

ಎಲ್ಲರೂ ನಕ್ಕರು. ನಗದವನು ಓಮುರ್ಜಾಕ್ ಒಬ್ಬನೇ. ಅವನು ಕುರ್ಚಿ ಹತ್ತಿ, ತನ್ನ ಬಿಳಿ ಉಣ್ಣೆಯ ಟೋಪಿಯನ್ನು ಆ ಅಂಕಿ ಮರೆಯಾಗುವಂತೆ ತೂಗುಹಾಕಿ ಮೆಲ್ಲಗೆ ಹೇಳಿದ: "ದೃಷ್ಟಿ ತಾಗದಿರಲಿ."