ಅಡೆಲಿಂಡಾ ಹಡಗಿನ ಕೆಂಪು ಹಾರ

ಝೋಫ್ಕಾಳ ಸೇವಾ ಪುಸ್ತಕದಲ್ಲಿ ಮ್ಯಾನೇಜರ್ ಕೊಗ್ಲರ್ 'ಕಳ್ಳತನಕ್ಕಾಗಿ ವಜಾ' ಎಂದು ಬರೆದಾಗ, ಹಾರ ಕಾಣೆಯಾದ ಸುದ್ದಿ ಹುಟ್ಟಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ವಿಚಾರಣೆಯಿಲ್ಲ, ಮಾಲು ಸಿಕ್ಕಿಲ್ಲ, ಆದರೂ ಶಾಯಿ ಒಣಗಿತ್ತು. ಆ ದಿನವನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಆಗ ನಾನು ಪಸಾವ್‌ನಿಂದ ಬುಡಾಪೆಸ್ಟ್‌ವರೆಗೆ ಡ್ಯಾನ್ಯೂಬ್ ನದಿಯಲ್ಲಿ ಓಡಾಡುತ್ತಿದ್ದ 'ಅಡೆಲಿಂಡಾ' ಎಂಬ ಪ್ರವಾಸಿ ಹಡಗಿನ ಬಾರ್ ನೋಡಿಕೊಳ್ಳುತ್ತಿದ್ದೆ. ಝೋಫ್ಕಾ ಕೋಣೆಗಳನ್ನು ಚೊಕ್ಕಟ ಮಾಡುವ ಹುಡುಗಿ. ಸ್ಲೊವಾಕಿಯಾದ ಪೂರ್ವದ ಕಡೆಯವಳು, ಎಲ್ಲಿ ಏನು ಕಳೆದರೂ ಊರವರು ಮೊದಲು ಅನುಮಾನಿಸುವ ರೋಮಾ ಜನದವಳು. ನದಿಯ ಮೇಲೆ ದುಡಿಯುವವರಿಗೆ ಆ ಪುಸ್ತಕವೇ ಜೀವನ. ಅದರಲ್ಲಿ ಅಂಥದೊಂದು ಸಾಲು ಬಿತ್ತೆಂದರೆ ಮತ್ತೆ ಯಾವ ಹಡಗಿನವರೂ ಹಲಗೆ ಹತ್ತಲು ಬಿಡುವುದಿಲ್ಲ. ಅಂದು ರಾತ್ರಿ ಒಂಬತ್ತಕ್ಕೆ ವಿಯೆನ್ನಾ ತಲುಪುತ್ತಲೇ ಅವಳನ್ನು ಪೊಲೀಸರಿಗೆ ಒಪ್ಪಿಸುವುದಾಗಿ ಕೊಗ್ಲರ್ ಸಾರಿಬಿಟ್ಟಿದ್ದ.

ನಾನು ನೇರವಾಗಿ ಕೆಳಗಿನ ಬಟ್ಟೆ ಕೋಣೆಗೆ ಓಡಿದೆ. ಹಾಸಿಗೆ ವಸ್ತ್ರ, ಟವೆಲ್ಲುಗಳ ಉಸ್ತುವಾರಿಯ ಕ್ವೇತಾ ಅಕ್ಕ ಅಲ್ಲಿ ಇಸ್ತ್ರಿ ಹಾಕುತ್ತ ನಿಂತಿದ್ದಳು. ಮೊರಾವಿಯಾದ ಹೆಂಗಸು, ಅರವತ್ತು ದಾಟಿದ ವಯಸ್ಸು. ಇಪ್ಪತ್ತೆರಡು ವರ್ಷಗಳಿಂದ ನಮ್ಮ ಹಡಗಿನಲ್ಲಿ ಏನು ಕಳೆದರೂ, ಯಾರು ಯಾರಿಗೆ ಮೋಸ ಮಾಡಿದರೂ ಕಡೆಗೆ ಪತ್ತೆ ಹಚ್ಚುತ್ತಿದ್ದವಳು ಇವಳೇ. ಅವಳ ಹಿಂದೆ ಹಿಂದೆ ಸುತ್ತುವುದು ನನ್ನ ಕೆಲಸ.

"ಅಕ್ಕಾ, ಇಸ್ತ್ರಿ ಆಮೇಲೆ ಹಾಕುವಿಯಂತೆ. ಆ ಹುಡುಗಿ ಬಾಳು ಹಾಳಾಗ್ತಿದೆ!"

"ಕಿರುಚಬೇಡ ತಿವಾದರ್, ನನಗೆ ಕಿವಿ ಕೇಳ್ಸುತ್ತೆ. ಮೊದಲಿಂದ ಹೇಳು."

ನಾನು ಹೇಳಿದೆ. ಲಿಂಟ್ಸ್ ಊರಿನ ವಿಧವೆ ಹಾಸ್ಲಿಂಗರ್ ಅಮ್ಮನವರ ಬಳಿ ತಾಯಿಯ ಕಾಲದ ಗಾರ್ನೆಟ್ ಹಾರವಿತ್ತು, ದಾಳಿಂಬೆ ಕಾಳಿನಂಥ ಕೆಂಪು ಕಲ್ಲುಗಳದು. ಬುಡಾಪೆಸ್ಟಿನಲ್ಲಿ ಮದುವೆಯಾಗುತ್ತಿರುವ, ರಕ್ತಸಂಬಂಧವಿಲ್ಲದ ಧರ್ಮಪುತ್ರಿಗೆ ಅದನ್ನು ಕೊಡುವುದಾಗಿ ಹಿಂದಿನ ದಿನ ಊಟದ ಮೇಜಿನಲ್ಲಿ ಎಲ್ಲರಿಗೂ ತೋರಿಸಿದ್ದರು. ಅಂದು ಬೆಳಿಗ್ಗೆ ಮೆಲ್ಕ್ ಊರಿನಿಂದ ಹೊರಟು ಹರಿವಿನ ಜೊತೆ ಕೆಳಗೆ ಬಂದು, ಪ್ರಯಾಣಿಕರು ಊಟಕ್ಕೆ ಕೂತಿದ್ದಾಗ, ಒಂದು ಗಂಟೆಗೆ ಡ್ಯೂರ್ನ್‌ಸ್ಟೈನ್ ದಡಕ್ಕೆ ಹಡಗು ಕಟ್ಟಿದೆವು. ಒಂದೂವರೆಗೆ ಇನ್ನೊಂದು ಹಡಗು ಬಂದು ನಮ್ಮ ಮಗ್ಗುಲಿಗೆ ಕಟ್ಟಿಕೊಂಡಿತು. ಜಾಗ ಸಾಲದಿದ್ದಾಗ ಎಲ್ಲರೂ ಮಾಡುವುದು ಹಾಗೆಯೇ. ಅದರ ಜನವೆಲ್ಲ ದಡ ಸೇರಲು ನಮ್ಮ ಹಜಾರವನ್ನೇ ತುಳಿದುಕೊಂಡು ಹೋದರು. ಅಲ್ಲೇ ಇರುವ, ಕೋಣೆಗಳ ಬೀಗದ ಕೈ ನೇತುಹಾಕುವ ಕೌಂಟರಿನ ಬಳಿ ಕಾಲಿಡಲು ಜಾಗವಿರಲಿಲ್ಲ. ಹಾಸ್ಲಿಂಗರ್ ಅಮ್ಮ ಊಟದಿಂದೆದ್ದವರು ಮೂರೂವರೆಯವರೆಗೆ ಮೇಲಿನ ಸಭಾಂಗಣದಲ್ಲಿ ಇಸ್ಪೀಟು ಆಡುತ್ತಿದ್ದರು. ನಾಲ್ಕಕ್ಕೆ ಆ ಹಡಗು ಹೊರಟಿತು, ಹಿಂದೆಯೇ ನಾವೂ ಹೊರಟೆವು. ಆಮೇಲೆ ಪೆಟ್ಟಿಗೆ ತೆರೆದರೆ ಹಾರವಿಲ್ಲ.

"ಕೋಣೆಗೆ ಎರಡು ಬೀಗದ ಕೈ. ಒಂದು ಕೌಂಟರಿನ ಮೊಳೆಯಲ್ಲಿ ಹಾಗೇ ನೇತಾಡ್ತಿತ್ತಂತೆ. ಇನ್ನೊಂದು ಝೋಫ್ಕಾ ಗೊಂಚಲಲ್ಲಿ. ಅಷ್ಟೇ ಸಾಕಾಯ್ತು ಆ ಕೊಗ್ಲರ್‌ಗೆ. ಸಾಲದ್ದಕ್ಕೆ ಹಾಸ್ಲಿಂಗರ್ ಅಮ್ಮನ ಜೊತೆ ಬಂದಿರೋ ಅವರ ಅಣ್ಣನ ಮಗ ಗೊಟ್‌ಹಾರ್ಡ್ ಬೇರೆ ಸಾಕ್ಷಿ ಹೇಳಿದ್ದಾನೆ. ಎರಡು ಗಂಟೆಗೆ ಇವಳು ಗಂಟು ಹೊತ್ಕೊಂಡು ದಡದಲ್ಲಿ ಹೋಗೋದನ್ನ ತನ್ನ ಕೋಣೆ ಕಿಟಕಿಯಿಂದ ಕಂಡನಂತೆ."

"ಗಂಟಲ್ಲಿ ಏನಿತ್ತು ಅಂತ ಅವಳು ಹೇಳಲ್ವಾ?"

ನಾನು ತಲೆ ತಗ್ಗಿಸಿದೆ. "ಒಣಗಿದ ಬ್ರೆಡ್ಡು, ಅಕ್ಕ. ನಾನೇ ಕೂಡಿಟ್ಟು ಕೊಡೋದು. ದಡದಲ್ಲಿ ಏಪ್ರಿಕಾಟ್ ಮಾರುವ ಮುದುಕಿ ಕೋಳಿಗೆ ಅಂತ ತಗೊಂಡು, ಬದಲಿಗೆ ಹಣ್ಣು ಕೊಡ್ತಾಳೆ. ನಾವೆಲ್ಲ ತಿನ್ನೋ ಕಡುಬು ಆ ಹಣ್ಣಿಂದೇ. ಹಡಗಿನ ತಿಂಡಿ ಹೊರಗೆ ಸಾಗಿಸಬಾರದು ಅಂತ ನಿಯಮ ಇದೆಯಲ್ಲ, ನನ್ನ ಹೆಸರು ಬರುತ್ತೆ ಅಂತ ಅವಳು ಬಾಯಿ ಮುಚ್ಕೊಂಡಿದ್ದಾಳೆ."

"ನೀನು ಬಾಯಿ ಬಿಟ್ಟೆಯಾ?"

"ಬಿಟ್ಟೆ. 'ಹಾಗಾದರೆ ನೀನೂ ಪಾಲುದಾರನೇನೋ?' ಅಂದ ಕೊಗ್ಲರ್. ಹೋದ ವಾರ ಅದೇ ಕಡುಬು ನಾಲ್ಕು ನುಂಗಿ ಬೆರಳು ಚೀಪಿದವನು!"

ಕ್ವೇತಾ ಅಕ್ಕ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟಳು. "ಗೊಟ್‌ಹಾರ್ಡ್ ಕೋಣೆ ಯಾವುದು?"

"ಹದಿನೆಂಟು. ಅತ್ತೆಯದು ಎದುರಿಗೆ, ಹದಿನೇಳು."

"ಇವತ್ತು ಅವನು ನಿನ್ನ ಹತ್ರ ಬಂದಿದ್ನಾ?"

"ಮೂರು ಗಂಟೆಗೆ ಬಂದಿದ್ದ. ಲಿಂಟ್ಸ್‌ನಿಂದ ತಂದ ಟೋರ್ಟೆ ಕೇಕಿನ ಡಬ್ಬಿ ಹಿಡ್ಕೊಂಡು, ಕಟ್ಟೋಕೆ ದಾರ ಬೇಕು ಅಂದ. ಕಟ್ಕೊಂಡು ಹಡಗು ಹೊರಡೋವರೆಗೂ ಬಾರಲ್ಲೇ ಕೂತಿದ್ದ. ಮಧ್ಯಾಹ್ನವೆಲ್ಲ ತಲೆನೋವು ಅಂತ ಮಲಗಿದ್ದನಂತೆ. ಯಾಕೆ?"

ಅಕ್ಕ ಆಗಲೇ ಬಾಗಿಲು ದಾಟಿದ್ದಳು. ಕ್ಯಾಪ್ಟನ್ ಬ್ರಾಂಕೊ ಬಳಿ ಹೋಗಿ ಎರಡು ಮಾತು ಆಡಿ ಬಂದಳು. ಆರು ಗಂಟೆಗೆ ಎಲ್ಲರನ್ನೂ ಸಭಾಂಗಣಕ್ಕೆ ಕರೆಸುವಂತೆ ಕ್ಯಾಪ್ಟನ್ ಅಪ್ಪಣೆ ಮಾಡಿದ.

ಬಂದ ಪ್ರಯಾಣಿಕರು ಝೋಫ್ಕಾಳನ್ನು ಕಂಡೊಡನೆ ತಮ್ಮ ತಮ್ಮ ಚೀಲಗಳನ್ನು ತೊಡೆಯ ಮೇಲೆ ಎಳೆದುಕೊಂಡರು. ನಾಲ್ಕು ದಿನಗಳಿಂದ ಅವಳು ಹಾಸಿದ ಹಾಸಿಗೆಯಲ್ಲೇ ಮಲಗಿದ್ದ ಜನ! ಒಬ್ಬಾಕೆಯಂತೂ ಕಿವಿಯೋಲೆಯನ್ನೇ ಬಿಚ್ಚಿ ಗಂಡನ ಜೇಬಿಗೆ ಹಾಕಿದಳು. ಝೋಫ್ಕಾ ಅಳುತ್ತಿರಲಿಲ್ಲ. ಗೋಡೆಗೆ ಒರಗದೆ ನೆಟ್ಟಗೆ ನಿಂತಿದ್ದಳು.

"ಇದೇನು ನಾಟಕ?" ಕೊಗ್ಲರ್ ಗೊಣಗಿದ. "ಟವೆಲ್ ಮಡಿಸೋಳು ವಿಚಾರಣೆ ನಡೆಸ್ತಾಳಾ?"

"ಮಡಿಸಿದ್ದನ್ನ ಬಿಚ್ಚೋದೂ ಗೊತ್ತು ಸ್ವಾಮಿ, ಸ್ವಲ್ಪ ಕೂತ್ಕೊಳ್ಳಿ," ಎಂದು ಅಕ್ಕ ಗೊಟ್‌ಹಾರ್ಡನ ಕಡೆ ತಿರುಗಿದಳು. "ನೀವು ಕಂಡಿದ್ದನ್ನ ಇನ್ನೊಂದ್ಸಲ ಹೇಳಿ. ಒಂದೂ ಬಿಡದೆ."

ಗೊಟ್‌ಹಾರ್ಡ್ ಕಾಲ ಮೇಲೆ ಕಾಲು ಹಾಕಿ ಕೂತ. "ಎಷ್ಟು ಸಲ ಹೇಳ್ಲಿ? ಊಟ ಮುಗಿಸಿ ಬಂದು ಮೂರರವರೆಗೂ ನನ್ನ ಕೋಣೆಯಲ್ಲೇ ಇದ್ದೆ. ಎರಡು ಗಂಟೆಗೆ ಕಿಟಕಿಯಿಂದ ನೋಡಿದೆ. ಹಳದಿ ತಲೆವಸ್ತ್ರ, ಕಂಕುಳಲ್ಲಿ ಗಂಟು. ಕಲ್ಲಿನ ಮೆಟ್ಟಿಲ ಹತ್ರ ಗಂಟು ಕೆಳಗಿಟ್ಟು, ಬಗ್ಗಿ ಎಡಗಾಲಿನ ಚಪ್ಪಲಿ ಪಟ್ಟಿ ಸರಿ ಮಾಡ್ಕೊಂಡಳು. ಆಮೇಲೆ ಹಣ್ಣಿನ ಅಂಗಡಿ ಕಡೆ ಹೋದಳು."

"ಝೋಫ್ಕಾ, ನಿಜಾನಾ?"

"ನಿಜ," ಎಂದಳು ಹುಡುಗಿ. "ಪಟ್ಟಿ ಕಿತ್ತುಹೋಗಿತ್ತು."

ಸಭೆಯಲ್ಲಿ ಗುಸುಗುಸು ಎದ್ದಿತು. ಕೊಗ್ಲರ್ ಗೆದ್ದವನಂತೆ ನಕ್ಕ.

"ಇವರು ಹೇಳಿದ ಪ್ರತಿ ಮಾತನ್ನೂ ನಾನು ನಂಬ್ತೀನಿ," ಎಂದಳು ಕ್ವೇತಾ ಅಕ್ಕ. ನನಗೆ ಅವಳ ಮೇಲೂ ಸಿಟ್ಟು ಬಂತು. ಬಾಯಿ ತೆರೆಯುವಷ್ಟರಲ್ಲಿ ಅವಳು ಮುಂದುವರಿಸಿದಳು. "ಇಷ್ಟು ವಿವರ ಕಟ್ಟಿ ಹೇಳೋಕಾಗಲ್ಲ. ಇವರು ಕಣ್ಣಾರೆ ಕಂಡಿದ್ದಾರೆ. ಯಾವ ಕಿಟಕಿಯಿಂದ ಅನ್ನೋದಷ್ಟೇ ಪ್ರಶ್ನೆ."

"ಹೇಳಿದೆನಲ್ಲ, ನನ್ನ ಕಿಟಕಿಯಿಂದ. ಹಡಗು ಡ್ಯೂರ್ನ್‌ಸ್ಟೈನ್‌ಗೆ ಬರುವಾಗಲೂ, ಊಟಕ್ಕೆ ಹೋಗೋ ಮೊದಲು, ನನ್ನ ಕಿಟಕಿಯಲ್ಲಿ ಊರು ಕಾಣ್ತಿತ್ತು, ಹೊರಟ ಮೇಲೂ ಕಾಣ್ತು. ನೀಲಿ ಗೋಪುರ, ಕೋಟೆ, ಎಲ್ಲಾ!"

"ಅದೂ ನಿಜವೇ. ಕ್ಯಾಪ್ಟನ್, ಹರಿವಿನ ಜೊತೆ ಇಳಿದು ಬರುವ ಹಡಗನ್ನ ದಡಕ್ಕೆ ಹೇಗೆ ಕಟ್ತೀರಿ?"

"ತಿರುಗಿಸಿ ಕಟ್ತೀವಿ," ಎಂದ ಬ್ರಾಂಕೊ. "ಮೂತಿ ಹರಿವಿಗೆ ಎದುರಾಗಿರಬೇಕು, ಇಲ್ಲದಿದ್ರೆ ನೀರು ಹಿಂದಿನಿಂದ ತಳ್ಳುತ್ತೆ, ಹಡಗು ಹಿಡಿತಕ್ಕೆ ಸಿಗಲ್ಲ. ಈ ನದಿಯಲ್ಲಿ ಎಲ್ಲರೂ ಹಾಗೇ ಮಾಡೋದು. ಹೊರಡುವಾಗ ಮತ್ತೆ ತಿರುಗಿಸ್ತೀವಿ. ಊಟಕ್ಕೆ ಕೂತವರಿಗೆ ಗೊತ್ತೇ ಆಗಲ್ಲ."

"ಡ್ಯೂರ್ನ್‌ಸ್ಟೈನ್‌ನಲ್ಲಿ ದಡ ಯಾವ ಮಗ್ಗುಲಿಗಿತ್ತು?"

"ಬಲಕ್ಕೆ. ಬೆಸ ಸಂಖ್ಯೆಯ ಕೋಣೆಗಳ ಕಡೆ."

ಗೊಟ್‌ಹಾರ್ಡ್ ಕಾಲು ಕೆಳಗಿಳಿಸಿದ.

"ಅಂದರೆ ಹದಿನೆಂಟನೇ ಕೋಣೆ ಎಡಕ್ಕೆ, ನದಿ ಕಡೆ," ಎಂದಳು ಅಕ್ಕ. "ಅಲ್ಲಿ ನದಿಯೂ ಕಾಣ್ತಿರಲಿಲ್ಲ. ಒಂದೂವರೆಯಿಂದ ನಾಲ್ಕರವರೆಗೆ ಆ ಕಿಟಕಿ ಮುಂದೆ ಮಾರು ದೂರದಲ್ಲಿ ಇನ್ನೊಂದು ಹಡಗಿನ ಪರದೆ ಇತ್ತು. ಆ ಹೊತ್ತಲ್ಲಿ ಇವರು ನಿಜವಾಗಿ ಕೋಣೆಯಲ್ಲಿದ್ದಿದ್ರೆ ಪರದೆ ಬಣ್ಣ ಹೇಳ್ತಿದ್ರು. ಇವರು ಕೋಣೆಯಲ್ಲಿದ್ದದ್ದು ಹಡಗು ಬರುವಾಗ, ಮತ್ತೆ ಹೊರಟ ಮೇಲೆ. ಎರಡು ಸಲವೂ ಊರು ಇವರ ಕಿಟಕಿಯಲ್ಲೇ ಇತ್ತು. ನಿಂತಾಗಲೂ ಅಲ್ಲೇ ಇತ್ತು ಅಂದ್ಕೊಂಡ್ರು. ಹುಡುಗಿ ಚಪ್ಪಲಿ ಪಟ್ಟಿ ಸರಿ ಮಾಡಿದ್ದನ್ನ ಇವರು ಕಂಡಿದ್ದು ಎದುರಿನ ಹದಿನೇಳನೇ ಕೋಣೆಯಿಂದ."

"ಗೊಟ್‌ಹಾರ್ಡ್?" ಹಾಸ್ಲಿಂಗರ್ ಅಮ್ಮ ಅವನತ್ತ ತಿರುಗಿದರು.

"ಇಲ್ಲ ಅತ್ತೆ! ನಾನು... ಮೇಲಿನ ಅಂತಸ್ತಿನಿಂದ ನೋಡಿರಬಹುದು..."

"ಮೂರರವರೆಗೂ ಕೋಣೆಯಲ್ಲೇ ಇದ್ದೆ ಅಂತ ಈಗ ತಾನೇ ಇಷ್ಟು ಜನರ ಮುಂದೆ ಹೇಳಿದ್ರಲ್ಲ," ಎಂದಳು ಅಕ್ಕ. "ಪಕ್ಕದ ಹಡಗಿನ ಜನ ಹಜಾರದಲ್ಲಿ ನುಗ್ಗುವಾಗ ಮೊಳೆಯಿಂದ ಬೀಗದ ಕೈ ತೆಗೆದು, ಕೆಲಸ ಮುಗಿಸಿ ಮತ್ತೆ ನೇತುಹಾಕಿದರೆ ಯಾರು ನೋಡ್ತಾರೆ? ಇನ್ನು ಇವರು ಅಲ್ಲಿಗೇ ಒಯ್ದು, ಮೂರಕ್ಕೆ ದಾರ ಕೇಳಿ ಕಟ್ಟಿದ ಆ ಕೇಕಿನ ಡಬ್ಬಿ. ಟೋರ್ಟೆ ಡಬ್ಬಿಗೆ ಅಂಗಡಿಯವರೇ ರೇಷ್ಮೆ ಪಟ್ಟಿ ಕಟ್ಟಿ ಕೊಡ್ತಾರೆ. ಬಿಚ್ಚದ ಡಬ್ಬಿಗೆ ದಾರ ಯಾಕೆ ಬೇಕು? ತಿವಾದರ್, ಹೋಗಿ ತಗೊಂಡು ಬಾ."

ಕ್ಯಾಪ್ಟನ್ ತಲೆಯಾಡಿಸಿದ. ನಾನು ಮೆಟ್ಟಿಲು ಮುಟ್ಟದೆ ಇಳಿದೆ ಎಂದರೂ ಸರಿ. ಡಬ್ಬಿಗೆ ಕಟ್ಟಿದ್ದು ನನ್ನದೇ ದಾರ. ಎಲ್ಲರ ಮುಂದೆ ಬಿಚ್ಚಿದೆ. ಕೇಕಿನ ಅರ್ಧವನ್ನು ಕೊರೆದು ತೆಗೆದಿದ್ದ ಗುಳಿಯಲ್ಲಿ ಕೆಂಪು ಹಾರ ಸುರುಳಿ ಸುತ್ತಿ ಕೂತಿತ್ತು.

"ಅದು ನಮ್ಮ ಅಜ್ಜಿಯ ಹಾರ!" ಗೊಟ್‌ಹಾರ್ಡ್ ಕೂಗಿದ. "ಯಾರೋ ಹೊರಗಿನವಳಿಗೆ ಕೊಡೋಕೆ ಅತ್ತೆಗೇನು ಹಕ್ಕು?"

"ಬೇಕಿದ್ರೆ ನನ್ನ ಮುಂದೆ ಜಗಳ ಆಡಬೇಕಿತ್ತು ಕಣೋ," ಎಂದರು ಹಾಸ್ಲಿಂಗರ್ ಅಮ್ಮ. "ಈ ಮಗು ಏನು ಮಾಡಿತ್ತು ನಿನಗೆ?" ಎದ್ದು ಬಂದು ಝೋಫ್ಕಾಳ ಎರಡೂ ಕೈ ಹಿಡಿದರು. "ನಾನೂ ನಂಬಿಬಿಟ್ಟೆನಲ್ಲಮ್ಮ. ನಿನಗೆ ಏನು ಕೊಡಲಿ ಹೇಳು."

"ನನಗೇನೂ ಬೇಡ ಅಮ್ಮ." ಝೋಫ್ಕಾ ಕೊಗ್ಲರನತ್ತ ತಿರುಗಿದಳು. "ನನ್ನ ಪುಸ್ತಕ ಕೊಡಿ. ನೀವು ಬರೆದದ್ದು ಸುಳ್ಳು ಅಂತ ಅದೇ ಹಾಳೆಯಲ್ಲಿ ಬರೀರಿ. ಇಲ್ಲೇ ಓದಿ ಹೇಳಿ."

"ಅದಕ್ಕೆಲ್ಲ ಕಚೇರಿಗೆ ಅರ್ಜಿ ಹಾಕಬೇಕಮ್ಮ, ಒಂದು ಕ್ರಮ ಅಂತ ಇದೆ..."

"ಕಳ್ಳಿ ಅಂತ ಬರೆಯೋಕೆ ಯಾವ ಅರ್ಜಿ ಹಾಕಿದ್ರಿ?" ಎಂದ ಕ್ಯಾಪ್ಟನ್ ಬ್ರಾಂಕೊ, ತನ್ನ ಪೆನ್ನು ಅವನ ಮುಂದಿಟ್ಟ.

ಕೊಗ್ಲರ್ ಬರೆದ. ಮೆಲ್ಲಗೆ ಓದಿದ. ಕೇಳಿಸಲಿಲ್ಲ ಎಂದಳು ಝೋಫ್ಕಾ. ಮತ್ತೊಮ್ಮೆ ಗಟ್ಟಿಯಾಗಿ ಓದಿದ. ಕ್ಯಾಪ್ಟನ್ ಅದರ ಕೆಳಗೆ ತನ್ನ ಸಹಿ ಹಾಕಿ ಪುಸ್ತಕವನ್ನು ಅವಳ ಕೈಗೇ ಕೊಟ್ಟ. ಅವಳು ಅದನ್ನು ಎದೆಗೆ ಒತ್ತಿಕೊಂಡು ಕೆಳಗಿಳಿದು ಹೋದಳು. ಆಮೇಲೆ ಬಟ್ಟೆ ಕೋಣೆಯಲ್ಲಿ ಕ್ವೇತಾ ಅಕ್ಕನ ಹೆಗಲ ಮೇಲೆ ತಲೆಯಿಟ್ಟು ಅತ್ತಳಂತೆ.

ಇತ್ತ ಪ್ರಯಾಣಿಕರು ಚೀಲಗಳನ್ನು ಮತ್ತೆ ನೆಲಕ್ಕಿಟ್ಟರು. ಹಾಸ್ಲಿಂಗರ್ ಅಮ್ಮನನ್ನು ಬಿಟ್ಟರೆ ಒಬ್ಬರ ಬಾಯಿಂದಲೂ ಒಂದು ಒಳ್ಳೆಯ ಮಾತು ಬರಲಿಲ್ಲ. ನಾಟಕ ಮುಗಿದ ಮೇಲೆ ಬಾಯಾರಿಕೆಯಾಯಿತೆಂಬಂತೆ ನೇರವಾಗಿ ನನ್ನ ಬಾರಿಗೆ ಬಂದರು. ಕಿವಿಯೋಲೆಯ ಹೆಂಗಸು ಎಲ್ಲರಿಗಿಂತ ಮುಂದೆ.

"ತಿವಾದರ್, ನನಗೊಂದು ಬಿಳಿ ವೈನ್."

ನಾನು ಬಾಟಲಿಗಳ ಕಪಾಟಿಗೆ ಬೀಗ ಹಾಕಿ ಬೀಗದ ಕೈ ಜೇಬಿಗಿಳಿಸಿದೆ. "ಕೆಳಗೆ ಬಟ್ಟೆ ಕೋಣೆಯಲ್ಲಿ ಝೋಫ್ಕಾ ಇದ್ದಾಳೆ. ಮೊದಲು ಅವಳ ಹತ್ರ ಹೋಗಿ ತಪ್ಪಾಯ್ತು ಅಂತ ಹೇಳಿ ಬನ್ನಿ. ವೈನ್ ಆಮೇಲೆ."

"ಇದೇನ್ರೀ ಅನ್ಯಾಯ!" ಎಂದು ಆಕೆ ಕ್ಯಾಪ್ಟನ್ ಕಡೆ ನೋಡಿದಳು. ಬ್ರಾಂಕೊ ಕಿಟಕಿಯಾಚೆ ನದಿಯನ್ನೇ ನೋಡುತ್ತಿದ್ದ, ಅವನಿಗೆ ಏನೂ ಕೇಳಿಸಿದಂತಿರಲಿಲ್ಲ.

ವಿಯೆನ್ನಾದ ಸೇತುವೆಗಳು ಕಾಣುವ ಹೊತ್ತಿಗೆ ಹನ್ನೊಂದು ಜನ ಕೆಳಗಿಳಿದು ಹೋಗಿ ಬಂದಿದ್ದರು. ಉಳಿದವರು ಆ ರಾತ್ರಿ ನೀರು ಕುಡಿದು ಮಲಗಿದರು.