ಗ್ಯಾಸ್ ಗೋದಾಮಿನ ಆರತಿ

ನಿಂಬೆವ್ವ ಹಿತ್ತಲಲ್ಲಿ ಕುಳಿತು ಹಿತ್ತಾಳೆಯ ಆರತಿ ತಟ್ಟೆಯನ್ನು ಬೂದಿ ಹಾಕಿ ತಿಕ್ಕುತ್ತಿದ್ದಳು. ಮಸಿ ಹೋಗುತ್ತಿರಲಿಲ್ಲ. ಸೊಸೆ ಭುವನೇಶ್ವರಿ ನೀರು ಹಿಡಿದು ದೂರದಲ್ಲೇ ನಿಂತಿದ್ದಳು. ಆ ತಟ್ಟೆ ಮುಟ್ಟುವ ಹಕ್ಕು ಅವಳಿಗಿರಲಿಲ್ಲ. ಮಡಿಲು ತುಂಬದವಳ ಕೈ ಆರತಿಗೆ ಸಲ್ಲದೆಂದು ಅತ್ತೆ ಖಜೂರಿ ಊರಿಗೆಲ್ಲ ಕೇಳುವಂತೆ ಹೇಳಿದ್ದಳು.

ಮನೆಯ ಮುಂದೆ ನೆಲದ ಮೇಲೆ ಆಯೇಶಾ ಕುಳಿತಿದ್ದಳು. ಅವಳ ಗಂಡ, ಟ್ಯಾಂಕರ್ ಚಾಲಕ ಅಲ್ತಾಫ, ಮೈ ಸುಟ್ಟುಕೊಂಡು ಕಲಬುರಗಿಯ ಆಸ್ಪತ್ರೆಯಲ್ಲಿದ್ದ. ಗಂಟಲೂ ಬೆಂದಿತ್ತು, ಮಾತಿಲ್ಲ… ಅವನು ನುಂಗಲಾರದ ಗಂಜಿಯ ಡಬ್ಬಿ ಅವಳ ತೊಡೆಯ ಮೇಲಿತ್ತು.

ಮಾವ ಚಂದಪ್ಪ ರಸ್ತೆ ಬದಿಯಲ್ಲಿ ಲಾರಿಗಳಿಗೆ ಎಂಜಿನ್ ಆಯಿಲ್ ಮಾರುತ್ತ ಆರಂಭಿಸಿದ ಅಂಗಡಿಯನ್ನು ಮಗ ಶ್ರೀಮಂತ, ದೊಡ್ಡ ಕಂಪನಿಗಳ ಹಂಗಿಲ್ಲದೆ, ಅಪ್ಪನ ಹೆಸರಿನ ಗ್ಯಾಸ್ ಕಂಪನಿಯಾಗಿ ಬೆಳೆಸಿದ್ದ. ಆಳಂದ, ಜೇವರ್ಗಿಯಲ್ಲಿ ಗೋದಾಮು; ಈಗ ಅಫಜಲಪುರದಲ್ಲಿ ದೊಡ್ಡ ಟ್ಯಾಂಕು. ಅಂಗಡಿಯ ಕಾಲದ ಒಂದು ಪದ್ಧತಿ ಮಾತ್ರ ಬಿಟ್ಟಿರಲಿಲ್ಲ: ಅಮಾವಾಸ್ಯೆಗೊಮ್ಮೆ ಗಾಡಿಗಳಿಗೆ ನಿಂಬೆಹಣ್ಣು, ಕಾಯಿ, ಕರ್ಪೂರದ ಆರತಿ.

ಈ ಅಮಾವಾಸ್ಯೆಯಂದು ಅಫಜಲಪುರದಲ್ಲಿ ಅಲ್ತಾಫ ಒಬ್ಬನೇ ಟ್ಯಾಂಕರಿನಿಂದ ಗ್ಯಾಸ್ ಇಳಿಸುತ್ತಿದ್ದ. “ಅಮ್ಮಾ, ಈಗ ಬ್ಯಾಡ್ರಿ” ಎಂದು ಅವನು ಕೂಗಿದರೂ ಅತ್ತೆ ಕರ್ಪೂರ ಹೊತ್ತಿಸಿದ್ದನ್ನು ಗೇಟಿನಾಚೆ ನಿಂತಿದ್ದ ಭುವನೇಶ್ವರಿ ಕಂಡಿದ್ದಳು. ಗ್ಯಾಸ್ ಹೊತ್ತಿಕೊಂಡಾಗ ಅತ್ತೆಯನ್ನು ಹೊರಗೆ ನೂಕಿ ಅವನು ಬೆಂಕಿಗೆ ಸಿಕ್ಕಿದ್ದ…

ಶ್ರೀಮಂತ ಹಿತ್ತಲಿಗೆ ಬಂದು ಹೆಂಡತಿಯೆದುರು ದನಿ ತಗ್ಗಿಸಿದ. “ಪೊಲೀಸರು ಬರಾಕತ್ತಾರ. ಅಲ್ತಾಫ ಬೀಡಿ ಹಚ್ಚಿದ್ದ ಅನ್ನು, ಸಾಕು.”

“ಅಂವ ಬೀಡಿ ಮುಟ್ಟಂಗಿಲ್ರಿ.”

“ನಂಗೊತ್ತದ. ಮನಿ ಮಂದಿ ತಪ್ಪ ಅಂದ್ರ ಲೈಸೆನ್ಸ್ ಹೋತು, ಕಂಪನಿ ಮುಳುಗ್ತು. ಅವ್ವನ್ನ ಜೇಲಿಗೆ ಕಳಸ್ತಿ ಏನ?”

“ಆಯೇಶಾಗ ಹ್ಯಾಂಗ ಮುಖ ತೋರಸ್ಲಿ…”

“ಕೂಸಂತೂ ಕೊಡಲಿಲ್ಲ, ಕಂಪನೀನೂ ನುಂಗಬೇಕಂತ ಮಾಡ್ಯಾಳ,” ಎಂದಳು ನಿಂಬೆವ್ವ, ತಟ್ಟೆಯಿಂದ ಕಣ್ಣೆತ್ತದೆ.

ಅಫಜಲಪುರದ ಫೌಜದಾರ ದೇವೀಂದ್ರಪ್ಪ ಪಡಸಾಲೆಯಲ್ಲಿ ಕುಳಿತು ಭುವನೇಶ್ವರಿಯನ್ನು ಕೇಳಿದರು: “ನೀವು ಅಲ್ಲೇ ಇದ್ರಿ ಅಂತ. ಬೆಂಕಿ ಯಾರು ಹಚ್ಚಿದ್ರವ್ವ?”

ನಿಜ ಹೇಳಿದರೆ ಮುದಿ ಅತ್ತೆ, ಸುಳ್ಳು ಹೇಳಿದರೆ ಬಾಯಿಲ್ಲದ ಅಲ್ತಾಫ… ಬಾಗಿಲಾಚೆ ಆಯೇಶಾ ತಲೆಯೆತ್ತಿ ನೋಡುತ್ತಿದ್ದಳು. ಭುವನೇಶ್ವರಿ ಫೌಜದಾರರತ್ತ ತಿರುಗಿದಳು.

“ನಾನ್ರಿ. ನಾನ ಕರ್ಪೂರ ಹಚ್ಚಿದೆ. ಅಲ್ತಾಫಂದು ಏನೂ ತಪ್ಪಿಲ್ಲ.”

ಶ್ರೀಮಂತ ಕುಳಿತಲ್ಲಿಂದ ಎದ್ದ. ಅವಳು ಸೆರಗು ಹೊದ್ದು ಹೊಸ್ತಿಲತ್ತ ನಡೆದಳು.

“ನಿಲ್ಲ ಬೇ.”

ಬೂದಿಗೈಯಲ್ಲಿ ತಟ್ಟೆ ಹಿಡಿದು ನಿಂಬೆವ್ವ ಬಂದಿದ್ದಳು. “ಸಾಹೇಬ್ರ, ಆಕಿ ಸುಳ್ಳ ಹೇಳಾಕತ್ತಾಳ. ಊರಾಗ ಯಾರ್ನರೆ ಕೇಳ್ರಿ, ಬಂಜಿ ಅಂತ ಆಕೀ ಕೈಯಾಗ ಈ ತಾಟ ನಾ ಒಮ್ಮೆನೂ ಕೊಟ್ಟಿಲ್ಲ.”

“ಯವ್ವಾ, ಕಂಪನಿ…” ಎಂದ ಶ್ರೀಮಂತ.

“ಸುಟ್ಟಾಂವ ನನ್ನ ಹೊರಗ ನೂಕಿದಾಂವ ಲೇ. ಈಗ ಈಕೀನೂ ನೂಕಾಕತ್ತಾಳ. ಎಷ್ಟ ಮಂದಿ ಸುಡ್ಲಿ ನನ್ನ ಸಲುವಾಗಿ?”

ಅವಳು ತಟ್ಟೆಯನ್ನು ಸೊಸೆಯತ್ತ ಚಾಚಿದಳು. “ಹಿಡಿ, ಯವ್ವಾ. ಇನ್ನ ಮನ್ಯಾಗ ದೀಪ ಹಚ್ಚಾಕಿ ನೀನ.”

ಭುವನೇಶ್ವರಿ ಎರಡೂ ಕೈಯಲ್ಲಿ ಹಿಡಿದಳು. ಹಿತ್ತಾಳೆ ಇಷ್ಟು ಭಾರವೆಂದು ಅವಳಿಗೆ ತಿಳಿದಿರಲಿಲ್ಲ.

“ಸಾಕ್ಷಿಗೆ ಅದು ನಮಗ ಬೇಕಾಗ್ತದವ್ವ,” ಎಂದರು ದೇವೀಂದ್ರಪ್ಪ ಮೆಲ್ಲಗೆ.

ಅವಳು ತಟ್ಟೆಯನ್ನು ಒಮ್ಮೆ ಎದೆಗೊತ್ತಿಕೊಂಡು ಅವರಿಗೆ ಕೊಟ್ಟಳು. ಅತ್ತೆಯ ಹಿಂದೆಯೇ ಪೊಲೀಸ್ ಜೀಪಿನವರೆಗೆ ಹೋದಳು. ಆಮೇಲೆ ಬಂದು ಆಯೇಶಾಳ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು. ಸೀರೆಯ ಮೇಲೆ ದುಂಡನೆಯ ಮಸಿ ಉಳಿದಿತ್ತು.